ಕಾಲುವೆ ಕಡೆಯ ಜಾಗ

ಹೊನ್ನೂರಿನ ಶಿವರುದ್ರಸ್ವಾಮಿಗೆ ಇಬ್ಬರು ಹೆಂಡಿರು. ಹಿರಿಯಳ ಹೆಸರು ಚಿಕ್ಕಬಸಮ್ಮ. ಕಿರಿಯಳು ಬಂದ ಮೇಲೆ ಊರಿನವರಿಗೆ ಇದೊಂದು ನಗೆಯ ಮಾತಾಯಿತು. ನ್ಯಾಯಬೆಲೆ ಅಂಗಡಿಯಲ್ಲಿ ಹೆಸರು ಕೂಗಿದಾಗ, "ಚಿಕ್ಕಬಸಮ್ಮ ಅಂದ್ರೆ ದೊಡ್ಡೋಳೋ ಚಿಕ್ಕೋಳೋ?" ಎಂದು ಯಾರಾದರೂ ಕೇಳದೆ ಬಿಡುತ್ತಿರಲಿಲ್ಲ. "ದೊಡ್ಡೋಳು" ಎಂದು ಅವಳೇ ಹೇಳಿ, ಮುಂದೆ ಬಂದು ಚೀಲ ಹಿಡಿಯುತ್ತಿದ್ದಳು. ನಲವತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ. ಈಗ ಅವಳಿಗೆ ಎಪ್ಪತ್ತೊಂದು.

ಆ ಕಿರಿಯಳನ್ನು ಆರಿಸಿ ತಂದವಳೂ ಅವಳೇ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಡಿಲು ತುಂಬಲಿಲ್ಲ. ಅತ್ತೆ ದಿನಕ್ಕೊಂದು ಮಾತು ಎತ್ತಿ ಆಡುತ್ತಿದ್ದಳು. ಬರುವವಳು ಹೇಗೂ ಬರುತ್ತಾಳೆ, ಅದು ನನ್ನ ಕೈಯಿಂದಲೇ ಆಗಲಿ ಎಂದು ಚಿಕ್ಕಬಸಮ್ಮ ತಾನೇ ಹನೂರಿನ ಕಡೆ ಹೆಣ್ಣು ನೋಡಲು ಹೋದಳು. ಮೂರು ಹೆಣ್ಣು ನೋಡಿದಳು. ಮೊದಲನೆಯವಳು ಬೆಳ್ಳಗಿದ್ದಳು, ಬೇಡವೆಂದಳು. ಎರಡನೆಯವಳಿಗೆ ಸೊಂಟ ದಾಟುವ ಜಡೆ, ಅವಳೂ ಬೇಡ. ಮೂರನೆಯವಳು ಶಿವರತ್ನಮ್ಮ. ಕಪ್ಪು, ಕುಳ್ಳು, ಮೇಲಿನ ಹಲ್ಲು ಮುಂದಕ್ಕೆ ಬಂದಿದ್ದವು. ಇವಳಾಗಬಹುದು ಎಂದು ಎಲೆ ಅಡಿಕೆ ಬದಲಾಯಿಸಿ ಬಂದಳು. ಎಲ್ಲವನ್ನೂ ನೋಡಿದವಳು ಒಂದನ್ನು ನೋಡಲಿಲ್ಲ. ಆ ಹುಡುಗಿ ನಗುತ್ತಿದ್ದಳು. ಹೊಸಿಲಿಗೆ ಕಾಲು ಎಡವಿದರೂ ನಗು, ಹಾಲು ಉಕ್ಕಿದರೂ ನಗು. ಅವಳು ಬಂದ ತಿಂಗಳಿಗೆ ಶಿವರುದ್ರಸ್ವಾಮಿ ಊಟಕ್ಕೆ ಕೂತಲ್ಲಿ ನಗಲು ಕಲಿತ. ಅದಕ್ಕೂ ಮೊದಲು ಹನ್ನೆರಡು ವರ್ಷ ಆತ ತಟ್ಟೆ ನೋಡಿಕೊಂಡು ಉಂಡಿದ್ದ.

ಆತ ಕೆಟ್ಟ ಗಂಡನಲ್ಲ. ಕೊಳ್ಳೇಗಾಲಕ್ಕೆ ರೇಷ್ಮೆಗೂಡು ಹಾಕಲು ಹೋದವನು ಸೀರೆ ತಂದರೆ ಎರಡು ತರುತ್ತಿದ್ದ, ಒಂದೇ ಬಣ್ಣ, ಒಂದೇ ಅಂಚು. ಚಿಕ್ಕಬಸಮ್ಮ ಎರಡನ್ನೂ ಮೊಳ ಹಾಕಿ ನೋಡುತ್ತಿದ್ದಳು. ಒಂದು ಬೆರಳೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಅದೂ ಅವಳಿಗೆ ಹಿಡಿಸುತ್ತಿರಲಿಲ್ಲ. ಮೊದಲು ಬಂದವಳಿಗೂ ಆಮೇಲೆ ಬಂದವಳಿಗೂ ಸಮ ಎಂದರೆ, ಮೊದಲು ಬಂದದ್ದಕ್ಕೆ ಸಿಕ್ಕಿದ್ದೇನು? ಶಿವರತ್ನಮ್ಮನಿಗೆ ಮಗ ಶಾಂತಮೂರ್ತಿ ಹುಟ್ಟಿದ, ಎಂಟು ವರ್ಷದ ಮೇಲೆ ಮಗಳು ಭವ್ಯಶ್ರೀ. ಎಣ್ಣೆ ಒತ್ತಿ ನೀರು ಹಾಕಿ ಬೆಳೆಸಿದವಳು ಚಿಕ್ಕಬಸಮ್ಮ. ಮಕ್ಕಳು ದೊಡ್ಡವ್ವ ದೊಡ್ಡವ್ವ ಎಂದು ಹಿಂದೆ ಸುತ್ತುತ್ತಿದ್ದವು. ಆದರೆ ಎಡವಿ ಬಿದ್ದಾಗ ಅವುಗಳ ಬಾಯಿಂದ ಬರುತ್ತಿದ್ದದ್ದು "ಅವ್ವ" ಎಂದೇ.

ಶಿವರುದ್ರಸ್ವಾಮಿ ತೀರಿಕೊಂಡು ಹತ್ತು ವರ್ಷವಾಯಿತು. ಅವರಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗದ್ದೆಯ ಮೂಲೆಯಲ್ಲಿ, ತೆಂಗಿನ ಸಾಲು ಮುಗಿಯುವಲ್ಲಿ, ಮನೆಯವರ ಸಮಾಧಿಗಳು ಒಂದೇ ಸಾಲಿನಲ್ಲಿವೆ. ಅವುಗಳನ್ನು ಗದ್ದುಗೆ ಎಂದೇ ಕರೆಯುತ್ತಾರೆ. ಮೊದಲು ಅತ್ತೆ, ಅವಳ ಪಕ್ಕ ಮಾವ, ಮಾವನ ಪಕ್ಕ ಶಿವರುದ್ರಸ್ವಾಮಿ. ಅವನ ಆಚೆಗೆ ಒಂದಿಷ್ಟು ನೆಲ, ಅದು ಮುಗಿದರೆ ಕಾಲುವೆಯ ಏರಿ. ಆ ನೆಲವನ್ನು ಚಿಕ್ಕಬಸಮ್ಮ ಮಣ್ಣು ಮಾಡಿದ ದಿನವೇ ಕಣ್ಣಿನಲ್ಲಿ ಅಳೆದಳು. ಹನ್ನೊಂದು ದಿನ ಕಳೆದ ಮೇಲೆ, ಯಾರೂ ಇಲ್ಲದಾಗ, ಪಾದಕ್ಕೆ ಪಾದ ಹಚ್ಚಿ ಅಳೆದಳು. ಏಳು ಪಾದ, ಮೇಲೆ ನಾಲ್ಕು ಬೆರಳು. ಒಬ್ಬರಿಗೆ ಆಗುತ್ತದೆ, ಇಬ್ಬರಿಗೆ ಆಗುವುದಿಲ್ಲ. ಇಬ್ಬರು ಹೆಂಡಿರಲ್ಲಿ ಇನ್ನೊಬ್ಬಳು ಸಾಲಿನ ಆ ತುದಿಗೆ, ಅತ್ತೆಯ ಪಕ್ಕಕ್ಕೆ ಹೋಗಬೇಕು. ಅತ್ತೆಯ ಪಕ್ಕದಲ್ಲಿ ಬದುಕಿದ್ದೇ ಮೂವತ್ತು ವರ್ಷ. ಇನ್ನು ಯಾವತ್ತಿಗೂ ಅಲ್ಲೇ ಎಂದರೆ ಅವಳಿಂದಾಗದು.

ಈ ಹತ್ತು ವರ್ಷ ಆ ಜಾಗದ ಮಾತು ಮನೆಯಲ್ಲಿ ಬಂದಿರಲಿಲ್ಲ. ಮೊದಲು ಕೈಹಿಡಿದವಳು ನಾನು, ಅದು ನನ್ನದೇ ಎಂದು ಅವಳು ಒಳಗೊಳಗೆ ಗಟ್ಟಿ ಮಾಡಿಕೊಂಡಿದ್ದಳು. ಹೋದ ವರ್ಷ ಸಂಕ್ರಾಂತಿಗೆ ಮುಂಚೆ ಒಂದು ಸೋಮವಾರ ವಿಭೂತಿ ಹಚ್ಚಿ ಕೈಮುಗಿಯಲು ಹೋದವಳು ನಿಂತೇಬಿಟ್ಟಳು. ಆ ನೆಲದ ನಟ್ಟನಡುವೆ ಒಂದು ನಂದಿಬಟ್ಟಲ ಗಿಡ ನೆಟ್ಟಿತ್ತು. ಸುತ್ತ ಪಾತಿ ಕಟ್ಟಿ ನೀರು ಹಾಕಿತ್ತು. ನಂದಿಬಟ್ಟಲ ಕಡ್ಡಿಯನ್ನು ತವರಿನಿಂದ ತಂದು ಹಿತ್ತಲಲ್ಲಿ ಹಚ್ಚಿದವಳು ಶಿವರತ್ನಮ್ಮ. ಬೇರೆ ಯಾರ ಕೆಲಸವೂ ಅಲ್ಲ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ಲು ಎಸೆಯುತ್ತಾರಲ್ಲ, ಹಾಗೆ.

ಕಿತ್ತು ಬಿಸಾಡಬಹುದಾಗಿತ್ತು. ಕಿತ್ತರೆ ಜಗಳ ಬೀದಿಗೆ ಬರುತ್ತದೆ. ಕೇಳಬಹುದಾಗಿತ್ತು. ಕೇಳಿದರೆ, ಕೇಳಿ ಪಡೆದ ಹಾಗಾಗುತ್ತದೆ. ಅವಳನ್ನು ಹೆದರಿಸಿದ್ದು ಇನ್ನೊಂದು. ನಾಳೆ ನಿಂತು ಗುಂಡಿ ತೆಗೆಸುವವನು ಶಾಂತಮೂರ್ತಿ. ಹೆತ್ತವಳನ್ನು ಅಪ್ಪನ ಪಕ್ಕ ಇಡುತ್ತಾನೋ ದೊಡ್ಡವ್ವನನ್ನು ಇಡುತ್ತಾನೋ ಎಂದು ಯಾರನ್ನಾದರೂ ಕೇಳಬೇಕೇ? ಆ ಮನೆಯಲ್ಲಿ ಶಾಂತಮೂರ್ತಿ ಮಾತು ಕೇಳುವುದು ಒಬ್ಬಳದ್ದು, ತಂಗಿ ಭವ್ಯಶ್ರೀಯದ್ದು. ಅವಳು ವಿಜಯಪುರದಲ್ಲಿ ಹೈಸ್ಕೂಲ್ ಟೀಚರು. ಅವಳ ಬಾಯಿಂದ ಒಂದು ಮಾತು ತೆಗೆದುಕೊಳ್ಳಬೇಕೆಂದು ಚಿಕ್ಕಬಸಮ್ಮ ತೀರ್ಮಾನಿಸಿದಳು. ಅದೇ ವಾರ ಭವ್ಯಶ್ರೀಯ ಫೋನು ಬಂತು.

"ಎಂಗೂ ಎಂಗಸ್ರಿಗೆ ಬಸ್ಸು ಫ್ರೀ, ಇಬ್ರೂ ಬನ್ನಿ ದೊಡ್ಡವ್ವ. ಇಲ್ಲೊಂದು ರಾಜನ್ ಗದ್ದುಗೆ ಅದೆ. ನಮ್ಮೂರ್ ಎತ್ತಿ ಒಳಗ್ ಮಡಗಬೋದು, ಅಷ್ಟ್ ದೊಡ್ಡದು."

"ಬತ್ತೀನಿ ಕನವ್ವ. ನಿಮ್ಮವ್ವುಂಗೆ ಮಂಡಿ ನೋವಲ್ವಾ, ಅವ್ಳ್ ಬರದು ಕಾಣೆ."

"ಅವ್ವ ಆಗ್ಲೇ ಬತ್ತೀನಿ ಅಂದದೆ" ಎಂದಳು ಭವ್ಯಶ್ರೀ.

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸು ನಿಲ್ಲುವ ಮೊದಲೇ ಹೆಂಗಸರು ಮುತ್ತಿಕೊಂಡರು. ಶಿವರತ್ನಮ್ಮ ಕುಳ್ಳಿಯಾದರೂ ಹೇಗೋ ಹಾರಿ ಕಿಟಕಿಯೊಳಗೆ ಟವಲ್ಲು ಎಸೆದಳು. ಇಬ್ಬರು ಕೂರುವ ಸೀಟು ಸಿಕ್ಕಿತು.

"ಕಿಟಕಿ ಪಕ್ಕ ಕೂತ್ಕ ಅಕ್ಕ."

"ನೀನ್ ಆಕಿದ್ ಟವಲ್ಲು, ನೀನೇ ಕೂತ್ಕ."

"ಟವಲ್ಲು ನಿಂದೇ ಕನಕ್ಕ. ನಿನ್ ಬ್ಯಾಗಲ್ಲಿತ್ತು, ನನ್ ಕೈಗ್ ಸಿಕ್ತು" ಎಂದು ಶಿವರತ್ನಮ್ಮ ನಕ್ಕಳು. ಮುಂದಿನ ಸೀಟಿನವರೂ ನಕ್ಕರು. ಚಿಕ್ಕಬಸಮ್ಮ ಕಿಟಕಿ ಪಕ್ಕ ಕೂತಳು. ಗಾಳಿ ಚೆನ್ನಾಗಿ ಬರುತ್ತಿತ್ತು. ಮೈಸೂರು ಬರುವವರೆಗೂ ಅದು ಅವಳಿಗೆ ಸುಖ ಕೊಡಲಿಲ್ಲ.

ಬಸ್ಸು ಬದಲಾಯಿಸಿ ಮಾರನೆಯ ದಿನ ವಿಜಯಪುರ ಸೇರಿದರು. ಅದರ ಮರುದಿನ ಬೆಳಿಗ್ಗೆ ಭವ್ಯಶ್ರೀ ಇಬ್ಬರನ್ನೂ ಆಟೋದಲ್ಲಿ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದಳು. ಚಿಕ್ಕಬಸಮ್ಮ ಬಾಗಿಲಲ್ಲಿ ನಿಂತು ತಲೆ ಎತ್ತಿ ನೋಡಿದಳು. ಮೇಲೆ ಒಂದು ಕಂಬವಿಲ್ಲ, ಒಂದು ತೊಲೆಯಿಲ್ಲ, ಬರೀ ಬಾನಿನ ಹಾಗೆ ಕವುಚಿದ ಗುಮ್ಮಟ. ನಡುವೆ ಎತ್ತರದ ಜಗಲಿ, ಸುತ್ತ ಕಟಕಟೆ, ಜಗಲಿಯ ಮೇಲೆ ಸಾಲಾಗಿ ಗೋರಿಗಳು. ಗದ್ದುಗೆ ಎಂದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಅವಳು ಊರಿನಿಂದಲೇ ವಿಭೂತಿ ಗಟ್ಟಿ ತಂದಿದ್ದಳು. ಒದ್ದೆ ಮಾಡಿ ಕಟಕಟೆಗೆ ಮೂರು ಬೆರಳು ಎಳೆಯಬೇಕು ಎನ್ನುವಷ್ಟರಲ್ಲಿ ಅಲ್ಲಿದ್ದ ಗೈಡು ಬಂದ. ವಯಸ್ಸಾದವನು, ಮೆತ್ತಗೆ ಹೇಳಿದ.

"ಇದು ಪೂಜಿ ಮಾಡೋ ಜಾಗ ಅಲ್ರಿ ಅವ್ವಾರ. ನೋಡೋ ಜಾಗ."

"ನೋಡಿ ಸುಮ್ಕ್ ಓಗದಾ ಸಾ? ಸತ್ತೋರಿಗೆ ಏನೂ ಇಲ್ವಾ?"

"ಇವು ಬರೇ ಗುರ್ತು ರೀ. ಖರೆ ಗೋರಿ ಇದರ ತಳಗ, ನೆಲದಾಗ ಅದಾವ."

ಬೆರಳಿಗೆ ಹತ್ತಿದ ವಿಭೂತಿಯನ್ನು ಮತ್ತೆ ಗಟ್ಟಿಗೆ ಒರೆಸುವುದು ಹೇಗೆ? ಅವಳು ತನ್ನ ಹಣೆಗೇ ಬಳಿದುಕೊಂಡಳು. ಗೈಡು ಅವರನ್ನು ಬಿಡಲಿಲ್ಲ, ಎಣಿಸಿ ತೋರಿಸಿದ. "ಈ ಕಡಿಯಿಂದ ನೋಡ್ರಿ. ಮೊದಲನೇದು ಮೊಮ್ಮಗಂದು. ಎರಡನೇದು ಸಣ್ಣ ಹೆಂಡತೀದು. ಮೂರನೇದು, ಮ್ಯಾಲ ಕಟ್ಟಗಿ ಚಪ್ಪರ ಐತಲ್ರಿ, ಅದು ಸುಲ್ತಾನಂದು. ಅದರ ಬಾಜೂಕ ರಂಭಾ ಅಂತ, ಭಾಳ ಪ್ರೀತಿಯಾಕಿ. ಐದನೇದು ಮಗಳದು. ಕಡೀದು ದೊಡ್ಡ ಹೆಂಡತೀದು."

ಚಿಕ್ಕಬಸಮ್ಮ ಬೆರಳು ಮಡಚಿಕೊಂಡು ಇನ್ನೊಮ್ಮೆ ಎಣಿಸಿದಳು.

"ದೊಡ್ಡೆಂಡ್ತಿದು ಆ ತುದೀದಾ?"

"ಹೌದ್ರಿ."

"ಆವಮ್ಮುನ್ನೇ ಅಲ್ವಾ ಮೊದ್ಲು ಮದ್ವೆ ಆಗಿದ್ದು?"

"ಮತ್ತ? ಅದಕ್ಕ ದೊಡ್ಡ ಹೆಂಡತಿ ಅನ್ನೋದು."

"ಪಕ್ಕದಲ್ ಮನಗವ್ಳಲ್ಲ, ಆ ರಂಭ, ಅವ್ಳ್ನೂ ಮದ್ವೆ ಆಗಿದ್ನಾ?"

ಗೈಡು ಒಮ್ಮೆ ಭವ್ಯಶ್ರೀಯ ಮುಖ ನೋಡಿದ. "ಇಲ್ಲಂತಾರ್ರೀ."

"ತಾಳಿ ಇಲ್ದೋಳು ಪಕ್ಕದಲ್ಲಿ. ಮೊದ್ಲ್ ಬಂದೋಳು ಮಗಳ ಆಚೆ." ಚಿಕ್ಕಬಸಮ್ಮ ಅದನ್ನು ಯಾರಿಗೂ ಹೇಳಲಿಲ್ಲ, ಕಲ್ಲಿಗೆ ಹೇಳಿದಳು. ಆಮೇಲೆ ಗೈಡಿನ ಕಡೆ ತಿರುಗಿ ಕೇಳಿದಳು. "ಸತ್ತ ವರಸೇಲಿ ಮಡಗವ್ರಾ ಸಾ? ಯಾರ್ ಮೊದ್ಲ್ ಓದ್ರು?"

"ಇಪ್ಪತ್ತೆರಡು ವರ್ಷ ಆತ್ರಿ ನಾ ಇದನ್ನ ಹೇಳಾಕತ್ತು. ಇದನ್ನೊಂದು ಯಾರೂ ಕೇಳಿಲ್ಲ. ನನಗ ಗೊತ್ತಿಲ್ರಿ."

ಅಷ್ಟರಲ್ಲಿ ಶಿವರತ್ನಮ್ಮ, "ಇಷ್ಟ್ ಜನದ್ ಮದ್ಯ ಆ ರಾಜನ್ಗೆ ನಿದ್ದೆ ಎಂಗ್ ಬತ್ತದೋ ಕಾಣ್ನಲ್ಲಪ್ಪ" ಎಂದಳು. ಗೈಡು ನಕ್ಕ, ಹಿಂದೆ ನಿಂತಿದ್ದವರು ನಕ್ಕರು, ಭವ್ಯಶ್ರೀಯೂ ನಕ್ಕಳು. ಚಿಕ್ಕಬಸಮ್ಮ ಅವರೆಲ್ಲರ ಮುಖ ನೋಡಿದಳು. ಇವಳು ಹಲ್ಲು ಬಿಟ್ಟರೆ ಸಾಕು, ಊರು ಯಾವುದಾದರೇನು, ಜನ ಇವಳ ಕಡೆ ಆಗುತ್ತಾರೆ. ಅವಳು ಕಟಕಟೆ ಹಿಡಿದುಕೊಂಡು ಆ ತುದಿಗೆ ನಡೆದು ಹೋಗಿ ಕಡೆಯ ಗೋರಿಯ ಎದುರು ನಿಂತಳು. ಅಲ್ಲಿಂದ ರಾಜನ ಚಪ್ಪರದ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಇಷ್ಟು ದೊಡ್ಡ ಮನೆ ಕಟ್ಟಿದವನಿಗೆ ಜಾಗದ ಕೊರತೆಯೇ? ಜಾಗವಿದ್ದೂ ಆಚೆಗೆ ಇಟ್ಟಿದ್ದಾರೆ. ಹಾಗಿದ್ದ ಮೇಲೆ ಏಳು ಪಾದದ ನೆಲದಲ್ಲಿ ತನ್ನನ್ನು ಯಾರು ಇಡುತ್ತಾರೆ? ಸಂಜೆ ಭವ್ಯಶ್ರೀಯ ಹತ್ತಿರ ಮಾತು ತೆಗೆಯಬೇಕೆಂದುಕೊಂಡಿದ್ದವಳಿಗೆ ಸಂಜೆಯವರೆಗೆ ತಡೆಯಲು ಆಗದು ಅನಿಸಿತು.

"ದೊಡ್ಡವ್ವ, ಮೇಲಕ್ಕೆ ನೂರಕ್ ಮೇಲ್ ಮೆಟ್ಲವೆ. ನೀವು ಇಲ್ಲೇ ಕೂತಿರಿ, ಅವ್ವನ್ನ ಕರ್ಕೊಂಡ್ ಓಗಿ ಬತ್ತೀನಿ. ಗ್ವಾಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೆ ಎದುರ್ ಕಡೆ ಕೇಳ್ತದೆ" ಎಂದಳು ಭವ್ಯಶ್ರೀ.

"ಅವ್ಳ್ ಮೆಟ್ಲ್ ಅತ್ತುದ್ರೆ ನಾನೂ ಅತ್ತೀನಿ."

ಮೂಲೆಯ ಮಿನಾರಿನೊಳಗೆ ಇಕ್ಕಟ್ಟಾದ, ಸುತ್ತಿ ಸುತ್ತಿ ಹೋಗುವ ಮೆಟ್ಟಿಲು. ಚಿಕ್ಕಬಸಮ್ಮ ಒಂದೊಂದನ್ನೂ ಎಣಿಸುತ್ತ ಹತ್ತಿದಳು. ಅರವತ್ತರ ಮೇಲೆ ಉಸಿರು ಸಾಲದೆ ಲೆಕ್ಕ ತಪ್ಪಿತು. ಮೇಲೆ ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತಲೂ ಮೊಗಸಾಲೆ. ಯಾವುದೋ ಶಾಲೆಯ ಮಕ್ಕಳು ಕೂಗುತ್ತಿದ್ದವು, ಒಂದು ಕೂಗು ಏಳು ಕೂಗಾಗಿ ಮೈಮೇಲೆ ಬೀಳುತ್ತಿತ್ತು. ಭವ್ಯಶ್ರೀ ಅವ್ವನನ್ನು ಆ ಕಡೆ, ದೊಡ್ಡವ್ವನನ್ನು ಈ ಕಡೆ ಕೂರಿಸಿ, ಶಾಲೆಯಿಂದ ಫೋನು ಬಂತೆಂದು ಹೊರಗಿನ ಮಾಳಿಗೆಗೆ ಹೋದಳು. ಚಿಕ್ಕಬಸಮ್ಮ ಕಾದಳು. ಕಾಯುವುದು ಅವಳಿಗೆ ಕಷ್ಟವಲ್ಲ. ಮಕ್ಕಳೆಲ್ಲ ಇಳಿದು ಹೋದ ಮೇಲೆ, ನಡುವಿನ ಆಳದ ಆಚೆ ಹೆಬ್ಬೆರಳಿನಷ್ಟು ಕಾಣುತ್ತಿದ್ದ ಶಿವರತ್ನಮ್ಮನನ್ನು ನೋಡಿ, ಗೋಡೆಗೆ ಬಾಯಿ ಹಚ್ಚಿದಳು. ಮುಖ ನೋಡಿ ಹೇಳಲಾಗದ್ದನ್ನು ಗೋಡೆ ನೋಡಿ ಹೇಳಬಹುದು.

"ರತ್ನ."

"ಊಂ ಅಕ್ಕ." ಕಿವಿಯ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಬಂತು. "ಎಷ್ಟ್ ಚೆಂದಾಗ್ ಕೇಳ್ತದೆ ನೋಡು."

"ಅವರ್ ಪಕ್ಕ ನಂದಿಬಟ್ಲು ಯಾಕಮ್ಮಿ ನೆಟ್ಟೆ?"

"ಪೂಜೆಗ್ ಊವಾಯ್ತದೆ ಅಂತ."

"ಊವ್ಗೆ ಆದ್ರೆ ಅತ್ತೆ ಪಕ್ಕ ನೆಡಬೋದಾಗಿತ್ತು."

ಈ ಸಲ ಬಂದದ್ದು ನಗುವಿಲ್ಲದ ದನಿ. "ಜಾಗ ಇಡ್ಕಳಕ್ಕೆ ನೆಟ್ಟೆ ಕನಕ್ಕ. ಆ ಜಾಗ ನಂಗ್ ಬೇಕು."

"ನಿಂಗ್ ಏನಮ್ಮಿ ಕಮ್ಮಿ ಆಗದೆ? ಗಂಡ ನಿಂದು, ಮಕ್ಳು ನಿಂದು, ಮನೆ ನಿಂದು. ನಂಗೆ ಅಂತ ಇದ್ದದ್ದು ಏಳು ಪಾದ ನೆಲ. ಅದ್ಕೂ ಕಣ್ ಆಕ್ದಾ?"

"ಗಂಡ ನಂದು ಅಂತ ನಿಂಗ್ಯಾರ್ ಯೋಳುದ್ರು?"

ಗೋಡೆ ಮುಂದುವರಿಯಿತು.

"ಮೈಸೂರ್ ಆಸ್ಪತ್ರೇಲಿ ಅವ್ರ್ ಕಡೇ ಅದ್ನೆಂಟ್ ದಿನ ನಾನೇ ಅಲ್ವಾ ಜತೇಲ್ ಇದ್ದದ್ದು. ನೆಂಟ್ರ ಮನೇಲಿ ಉಪ್ಸಾರು ಮಾಡ್ಕಂಡ್ ಓದ್ರೆ ಬಾಯ್ಗ್ ಇಡ್ನಿಲ್ಲ ಕನಕ್ಕ. ಬಸಿ ಕೈಲಿ ಮಾಡುಸ್ಕಂಡ್ ಬಾ ಅಂದ್ರು. ಬಸಿಯ ಕರ್ಸು ಅಂದ್ರು. ಅವ್ಳ್ಗೆ ದನ ಬುಟ್ ಬರಕ್ ಆಯ್ತಿಲ್ಲ ಅಂದೆ."

"ಏನಂದ್ರು? ಬಸಮ್ಮ ಅಂದ್ರಾ?"

"ಬಸಿ ಅಂದ್ರು."

"ಸರ್ಯಾಗ್ ಯೋಳು."

"ಬಸಿ. ಬಸಿ ಅಂತ್ಲೇ ಅಂದ್ರು. ಅಂಗ್ ಕರ್ದುದ್ದ ನಾನ್ ಅದೇ ಮೊದ್ಲು ಕೇಳಿದ್ದು."

ಅದು ನಿಜ. ಆ ಹೆಸರು ಶಿವರತ್ನಮ್ಮ ಕೇಳಿರಲು ಸಾಧ್ಯವಿರಲಿಲ್ಲ. ಮೊದಲ ಹನ್ನೆರಡು ವರ್ಷ, ಅತ್ತೆ ಮಾವ ಹತ್ತಿರ ಇಲ್ಲದಾಗ ಮಾತ್ರ, ಆತ ಹಾಗೆ ಕರೆಯುತ್ತಿದ್ದ. ಕಿರಿಯಳು ಹೊಸಿಲು ದಾಟಿದ ದಿನದಿಂದ ಬಸಮ್ಮ ಎಂದ, ಮಕ್ಕಳಾದ ಮೇಲೆ ದೊಡ್ಡವ್ವ ಎಂದ. ಚಿಕ್ಕಬಸಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇವಳ ಪಾಲಿಗೆ ಬಾರದೆ ಉಳಿದಿದ್ದದ್ದು ಆ ಒಂದು ಹೆಸರು. ಅದನ್ನೂ ಇವಳೇ ಕೇಳಿದ್ದಾಳೆ, ಹದಿನೆಂಟು ದಿನ. ತಾನು ಆ ಹೊತ್ತಿನಲ್ಲಿ ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದಳು.

"ಹತ್ತು ವರ್ಸ ಮುಚ್ಚಿಟ್ಟೆ."

"ಮುಚ್ಚಿಟ್ಟೆ. ಒಟ್ಟೆ ಉರೀತಿತ್ತು. ಯೋಳಿದ್ರೆ ನೀನ್ ಎದ್ದೋ ಬಿದ್ದೋ ಅಂತ ಬಂದ್ಬುಡೀಯೆ. ಅವ್ರು ನಿನ್ ಮೊಕ ನೋಡಿ ಕಣ್ ಮುಚ್ಚೋರು. ನನ್ ಮೊಕ ನೋಡ್ಲಿ ಅಂದ್ಕಂಡೆ."

"ನೋಡುದ್ರಾ?"

"ಬಾಗ್ಲು ನೋಡ್ಕಂಡ್ ಓದ್ರು."

ಆಳದಲ್ಲಿ, ಗೋರಿಗಳ ಹತ್ತಿರ, ಯಾರೋ ಕೆಮ್ಮಿದರು. ಆ ಕೆಮ್ಮು ಏಳು ಸಲ ಸುತ್ತಿ ಆರಿತು.

"ಅಂಗಾರೆ ಆ ಜಾಗ ನಂದು. ಕರ್ದಿದ್ ನನ್ನ" ಎಂದಳು ಚಿಕ್ಕಬಸಮ್ಮ.

"ಅದ್ಕೇ ನಂಗ್ ಬೇಕು. ನಿಂಗೆ ಎಸುರಾದ್ರೂ ಸಿಕ್ತಲ್ಲ. ನಂಗೆ ಜಾಗ ಆದ್ರೂ ಸಿಕ್ಲಿ." ಆಮೇಲೆ, ಸೋತವಳಂತೆ, "ಓಗ್ಲಿ, ನೀನೇ ತಕ್ಕೊ. ನಾನೇ ಶಾಂತೂಗ್ ಯೋಳ್ತೀನಿ. ಕೊಟ್ಬುಟ್ಟೆ ಅಂದ್ಕೊ."

"ಕೊಡಕ್ಕೆ ಅದೇನ್ ನಿಮ್ಮಪ್ಪನ್ ಮನೇದಾ?"

ಇಷ್ಟು ಹೇಳಿದ ಮೇಲೆ ಏನು ಮಾಡುವುದೆಂದು ಅವಳಿಗೇ ತಿಳಿಯಲಿಲ್ಲ. ಕಿತ್ತುಕೊಳ್ಳಲು ಬಂದದ್ದನ್ನು ಕೊಟ್ಟುಬಿಟ್ಟರೆ ಅದು ಇವಳ ಉಡುಗೊರೆಯಾಗುತ್ತದೆ. ಮಣ್ಣಿನೊಳಗೆ ಹೋದ ಮೇಲೂ ಇವಳು ಕೊಟ್ಟ ಜಾಗದಲ್ಲಿ ಕೂತಿರಬೇಕು. ಯೋಚಿಸಿ ಯೋಚಿಸಿ ಒಂದೊಂದೇ ಮಾತು ಹೇಳಿದಳು.

"ನೀನ್ ಕೊಡದೂ ಬ್ಯಾಡ, ನಾನ್ ಈಸ್ಕಳದೂ ಬ್ಯಾಡ. ಮೊದ್ಲು ಓದೋರ್ಗೆ ಕಾಲ್ವೆ ಕಡೆ. ಆಮೇಲ್ ಓದೋರು ಅತ್ತೆ ಪಕ್ಕ."

ಗೋಡೆಯೊಳಗಿಂದ ನಗು ಬಂತು. "ಅಂಗಂದ್ರೆ ನೀನೇ ಗೆದ್ದೆ ಬುಡು. ನನ್ಗಿಂತ ಒಂಬತ್ ವರ್ಸ ದೊಡ್ಡೋಳು."

"ಯಾರ್ ಕಂಡೋರು" ಎಂದಳು ಚಿಕ್ಕಬಸಮ್ಮ.

ಭವ್ಯಶ್ರೀ ಫೋನು ಮುಗಿಸಿ ಒಳಗೆ ಬಂದಳು. "ಕೇಳುಸ್ತಾ? ಏನ್ ಮಾತಾಡ್ಕಂಡ್ರಿ ಇಬ್ರೂ?"

"ಉಪ್ಸಾರಿನ್ ಇಚಾರ" ಎಂದಳು ಮೊಗಸಾಲೆ ಸುತ್ತಿ ಬಂದ ಶಿವರತ್ನಮ್ಮ. ಚಿಕ್ಕಬಸಮ್ಮ ಇಬ್ಬರನ್ನೂ ನಿಲ್ಲಿಸಿಕೊಂಡು, ತಾವು ಮಾಡಿಕೊಂಡ ಕರಾರನ್ನು ಭವ್ಯಶ್ರೀಗೆ ಹೇಳಿದಳು. ನಿಮ್ಮಣ್ಣ ಇದಕ್ಕೆ ತಪ್ಪಬಾರದು ಎಂದಳು. ಭವ್ಯಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆಯ್ತು ದೊಡ್ಡವ್ವ" ಎಂದಳು.

ಇಳಿಯುವಾಗ ಶಿವರತ್ನಮ್ಮ ಮುಂದೆ, ಚಿಕ್ಕಬಸಮ್ಮ ಹಿಂದೆ. ತಿರುವಿನಲ್ಲಿ ಕಲ್ಲು ನುಣುಪಾಗಿ ಸವೆದಿತ್ತು. ಶಿವರತ್ನಮ್ಮನ ಹಿಮ್ಮಡಿ ಜಾರಿತು. ಚಿಕ್ಕಬಸಮ್ಮ ಅವಳ ರಟ್ಟೆ ಹಿಡಿದ ರಭಸಕ್ಕೆ ಅವಳ ರವಿಕೆಯ ತೋಳು ಹೊಲಿಗೆ ಬಿಟ್ಟಿತು.

"ಮೆಲ್ಲಗ್ ಇಳಿ."

"ಬಿದ್ದೋಗ್ಲಿ ಬುಡು ಅಂತ ಬುಡದಲ್ವಾ?" ಶಿವರತ್ನಮ್ಮ ಗೋಡೆ ಹಿಡಿದು ನಿಂತಳು. ಆಮೇಲೆ ಅರ್ಥವಾಗಿ ತಿರುಗಿ ನೋಡಿದಳು. "ಓ. ಬಿದ್ರೆ ನಿನ್ ಜಾಗ ಓಯ್ತದೆ ಅಂತಾ?"

"ಊಂ. ಅದ್ಕೇ" ಎಂದಳು ಚಿಕ್ಕಬಸಮ್ಮ. ಕೆಳಗೆ ನೆಲ ಸಿಗುವವರೆಗೂ ರಟ್ಟೆ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಆಸ್ಪತ್ರೆಯಲ್ಲಿ ತೋರಿಸಿದರೆ ಶಿವರತ್ನಮ್ಮನಿಗೆ ಬಿಪಿ ಇದೆ ಎಂದರು. ಮಾತ್ರೆಯ ಶೀಟು ಈಗ ಚಿಕ್ಕಬಸಮ್ಮನ ಸೆರಗಿನ ಗಂಟಿನಲ್ಲಿದೆ. ಬೆಳಿಗ್ಗೆ ತಿಂಡಿಯಾದ ಕೂಡಲೆ ಒಂದು ಬಿಡಿಸಿ ಅಂಗೈಗೆ ಹಾಕುತ್ತಾಳೆ, ನುಂಗುವವರೆಗೂ ಎದುರಿಗೆ ನಿಲ್ಲುತ್ತಾಳೆ. ಸವತಿಯರೇ ಹೀಗಿರುವಾಗ ಓರಗಿತ್ತಿಯರು ಹೇಗಿರಬೇಕು ಎಂದು ಅಕ್ಕಪಕ್ಕದವರು ಸೊಸೆಯರಿಗೆ ತೋರಿಸುತ್ತಾರೆ. ಶಿವರತ್ನಮ್ಮನೂ ಕಡಿಮೆಯವಳಲ್ಲ. ಕೆನೆ ಕಟ್ಟಿದ ಹಾಲಿನ ಲೋಟ ತಂದು ಅಕ್ಕನ ಮುಂದೆ ಇಟ್ಟು, "ಕುಡಿ. ನೂರ್ ವರ್ಸ ಬದ್ಕು" ಎನ್ನುತ್ತಾಳೆ.

ಮೊನ್ನೆ ಸೋಮವಾರ ಚಿಕ್ಕಬಸಮ್ಮನಿಗೆ ಏನೋ ಅನುಮಾನ ಬಂತು. "ಬಾಯ್ ತಗಿ" ಎಂದಳು. ಶಿವರತ್ನಮ್ಮ ತೆರೆದಳು. "ನಾಲ್ಗೆ ಎತ್ತು." ಎತ್ತಲಿಲ್ಲ. ಇನ್ನೊಮ್ಮೆ ಹೇಳಿದ ಮೇಲೆ ಎತ್ತಿದಳು. ಮಾತ್ರೆ ನಾಲಿಗೆಯ ಅಡಿಯಲ್ಲಿತ್ತು, ಅರ್ಧ ಕರಗಿತ್ತು.

"ಎಷ್ಟ್ ದಿನದಿಂದ?"

ಶಿವರತ್ನಮ್ಮ ಮುಂಬಂದ ಹಲ್ಲುಗಳ ನಡುವೆ ನಗು ತಡೆದುಕೊಂಡು ಕೂತಿದ್ದಳು.

"ನುಂಗಮ್ಮಿ" ಎಂದು ಚಿಕ್ಕಬಸಮ್ಮ ನೀರಿನ ಚೊಂಬು ಎತ್ತಿ ಅವಳ ಬಾಯಿಗೆ ಹಿಡಿದಳು.